ಕವುಚಿದ ಗುಡಾಣದ ಸಂಗೀತ

'ಕವುಚಿದ ಕೊಡದ ಮೇಲೆ ನೀರು ಸುರಿದಂತೆ' ಎಂಬ ಗಾದೆ ಅಧ್ಯಾಪಕರ ಕೊಠಡಿಗಳಲ್ಲಿ ಸವೆಯುವಷ್ಟು ಬಳಕೆಯಾಗಿದೆ. ಬೀಜಗಣಿತದ ಪಾಠ ಮುಗಿಸಿ, ಕೈಗೆ ಮೆತ್ತಿದ ಸೀಮೆಸುಣ್ಣವನ್ನು ಒರೆಸಿಕೊಳ್ಳುತ್ತ ಒಳಬಂದವರು ಕುರ್ಚಿಯಲ್ಲಿ ಕುಳಿತು ಮೊದಲು ಆಡುತ್ತಿದ್ದ ಮಾತೇ ಅದು. ಬೇಸರ ಇನ್ನೂ ಹೆಚ್ಚಿದ್ದರೆ 'ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ' ಎಂದು ಸೇರಿಸುತ್ತಿದ್ದರು. ಒಂದರಲ್ಲಿ ನೀರು ವ್ಯರ್ಥ, ಇನ್ನೊಂದರಲ್ಲಿ ನಾದ ವ್ಯರ್ಥ. ಈ ಬರಹಗಳನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಎರಡೂ ಗಾದೆಗಳು ಬೆತ್ತದ ಪೆಟ್ಟಿನಷ್ಟೇ ನೆನಪಿರಬಹುದು. ಆದರೆ ಕೊಡವನ್ನು ಬೇಕೆಂದೇ ಕವುಚಿ, ಅದರ ಮೇಲೆ ಬೇಕೆಂದೇ ನೀರು ಸುರಿದು, ಅದರಿಂದ ತಂತಿವಾದ್ಯದಂಥ ನಾದವನ್ನು ಪಡೆದ ಜನರೂ ಲೋಕದಲ್ಲಿದ್ದಾರೆ. ಅವರ ಆ ವಿದ್ಯೆಯ ಚರಿತ್ರೆಯನ್ನು ಇಲ್ಲಿ ಬರೆಯಬೇಕೆಂದಿದ್ದೇನೆ.

ವಿಷಯ ನನಗೆ ತಲುಪಿದ್ದು ಜಪಾನಿನಿಂದ. ಅಲ್ಲಿ ಕೆಲಸದಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬ ಎರಡು ವರ್ಷಗಳ ಹಿಂದೆ ಕ್ಯೋತೋ ನಗರದ ಎನ್ಕೋಜಿ ಎಂಬ ದೇವಾಲಯಕ್ಕೆ ಹೋಗಿದ್ದ. 'ಸರ್, ಇದು ಮೊದಲು ಶಾಲೆಯಾಗಿತ್ತಂತೆ, ನಿಮ್ಮ ನೆನಪಾಯಿತು' ಎಂದು ಬರೆದಿದ್ದ. ನಿಜವೇ. 1601ರಲ್ಲಿ ತೊಕುಗಾವಾ ಇಯೆಯಾಸು ಅದನ್ನು ವಿದ್ಯಾಶಾಲೆಯಾಗಿ ಸ್ಥಾಪಿಸಿದನು. ಅಲ್ಲಿ ಪುಸ್ತಕಗಳನ್ನು ಅಚ್ಚು ಹಾಕಲು ಬಳಸಿದ ಮರದ ಅಚ್ಚುಮೊಳೆಗಳು 50,000ಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಆ ಮೊಳೆಗಳ ಚಿತ್ರದ ಜೊತೆಗೆ ಅವನು ಫೋನಿನಲ್ಲಿ ಹಿಡಿದ ಒಂದು ಧ್ವನಿಯನ್ನೂ ಕಳಿಸಿದ್ದ. ಅಂಗಳದಲ್ಲಿ ನೀರು ತುಂಬಿದ ತೊಟ್ಟಿ, ಅದರ ಪಕ್ಕದಲ್ಲಿ ನೆಲದಿಂದ ಎದ್ದ ಒಂದು ಬಿದಿರಿನ ಕೊಳವೆ. ಕೊಳವೆಗೆ ಕಿವಿಯಿಟ್ಟರೆ ನೆಲದೊಳಗಿನಿಂದ ನಾದ ಕೇಳಿಸುತ್ತದೆ ಎಂಬ ವಿವರಣೆ ಬೇರೆ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ. ಅಲ್ಲೊಂದು ಇಲ್ಲೊಂದು 'ಟೊಂಯ್' ಎಂಬ ತಗ್ಗು ಸದ್ದಿನ ಹೊರತು ಬೇರೇನೂ ಕೇಳಲಿಲ್ಲ. ಪಕ್ಕದಲ್ಲಿದ್ದ ಮೊಮ್ಮಗಳು 'ಅಜ್ಜ, ಗೆಜ್ಜೆಯ ಹಾಗೆ ಎಷ್ಟೊಂದು ಇದೆಯಲ್ಲ!' ಎಂದಳು. ನನಗೀಗ ಎಪ್ಪತ್ತಾರು. ವಯಸ್ಸಾದ ಕಿವಿಗೆ ಮೊದಲು ತಪ್ಪಿಹೋಗುವುದು ಮೇಲಿನ ಶ್ರುತಿಗಳೇ ಎಂದು ವೈದ್ಯರು ರೇಖಾಚಿತ್ರ ತೋರಿಸಿ ವಿವರಿಸಿದ್ದರು. ನನ್ನಿಂದ ಜಾರಿಹೋಗುತ್ತಿರುವುದು ಯಾವುದು ಎಂದು ತಿಳಿಯುವ ಹಟವೇ ನನ್ನನ್ನು ಈ ವಿಷಯದ ಹಿಂದೆ ಅಲೆಸಿತೆಂದರೆ ತಪ್ಪಾಗಲಾರದು.

ಆ ನಾದಯಂತ್ರದ ಹೆಸರು ಸುಯಿಕಿಂಕುತ್ಸು. ಸುಯಿ ಎಂದರೆ ನೀರು. ಕಿನ್ ಎಂದರೆ ಅವರ ಕೋತೋ ಜಾತಿಯ ತಂತಿವಾದ್ಯ. ಕುತ್ಸು ಎಂದರೆ ಗವಿ. ನಮ್ಮ ರೀತಿಯಲ್ಲಿ ಸಮಾಸ ಮಾಡುವುದಾದರೆ 'ಜಲವೀಣಾಗುಹೆ' ಎನ್ನಬಹುದು. ಹೆಸರು ಎಷ್ಟು ಗಂಭೀರವೋ ವಸ್ತು ಅಷ್ಟೇ ಸಾಧಾರಣ. ನೀರನ್ನೋ ಮದ್ಯವನ್ನೋ ತುಂಬಿಡುವಂಥ ದೊಡ್ಡ ಮಣ್ಣಿನ ಗುಡಾಣ. ಅದರ ತಳಕ್ಕೆ ಸುಮಾರು 2 ಸೆಂಟಿಮೀಟರ್ ಅಗಲದ ತೂತು ಕೊರೆದು, ಗುಂಡಿಯೊಳಗೆ ಬಾಯಿ ಕೆಳಗಾಗಿ ಹೂಳುತ್ತಾರೆ. ಗುಂಡಿಯ ತಳವನ್ನು ನಾಲ್ಕು ಬೆರಳು ನೀರು ನಿಲ್ಲುವಂತೆ ಗಟ್ಟಿ ಮಾಡಿ, ಹೆಚ್ಚಾದ ನೀರು ಹರಿದುಹೋಗಲು ದಾರಿ ಬಿಟ್ಟಿರುತ್ತಾರೆ. ಮೇಲೆ ಉರುಟು ಕಲ್ಲುಗಳನ್ನು ಹರಡಿದರೆ ಗುಡಾಣ ಕಣ್ಣಿಗೆ ಬೀಳುವುದಿಲ್ಲ. ಕಲ್ಲುಗಳ ನಡುವೆ ಇಳಿದ ನೀರು ತೂತಿನಿಂದ ಹನಿಹನಿಯಾಗಿ ಒಳಗೆ ನಿಂತ ನೀರಿಗೆ ಬೀಳುತ್ತದೆ. ಆ ಹನಿಯ ಸದ್ದನ್ನು ಗುಡಾಣದ ಹೊಟ್ಟೆ ಹಿಡಿದು ಹಿಗ್ಗಿಸಿ ಹೊರಗೆ ಕಳಿಸುತ್ತದೆ. ತಳ ತೂತಾದ ಮೇಲೆ ನಮ್ಮ ಮನೆಗಳಲ್ಲಾದರೆ ಆ ಗುಡಾಣಕ್ಕೆ ತಿಪ್ಪೆಯೇ ಗತಿ.

ಇದು ಹುಟ್ಟಿದ ಜಾಗವನ್ನು ಗಮನಿಸಬೇಕು. ಜಪಾನಿನ ಚಹಾಕೂಟದ ಮನೆಗೆ ಹೋಗುವ ತೋಟದ ದಾರಿಯಲ್ಲಿ ಅತಿಥಿಗಳು ಕೈ ಬಾಯಿ ತೊಳೆಯಲು ಕಲ್ಲಿನ ತೊಟ್ಟಿಯೊಂದಿರುತ್ತದೆ. ಮನೆಯ ಜಗಲಿಯ ತುದಿಯಲ್ಲೂ ಅಂಥ ತೊಟ್ಟಿಗಳಿರುವುದುಂಟು. ತೊಳೆದ ನೀರು ಅಲ್ಲೇ ನಿಂತು ಕೊಚ್ಚೆಯಾದರೆ ಅತಿಥಿಯ ಪಾದ ಕೆಸರಾಗುತ್ತದೆ. ಆ ನೀರು ಇಂಗುವುದಕ್ಕೆ ಮಾಡಿದ ಏರ್ಪಾಡಿಗೆ 'ದೋಸುಯಿಮೊನ್' ಎಂದು ಹೆಸರು. ಕೋಬೋರಿ ಎನ್ಶು ಎಂಬ ತರುಣ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಅಂಥದೊಂದನ್ನು ನಿರ್ಮಿಸಿ, ತನ್ನ ಗುರು ಫುರುತಾ ಒರಿಬೆಯನ್ನು ಬೆರಗುಗೊಳಿಸಿದನೆಂದು ಐತಿಹ್ಯವಿದೆ. ಎನ್ಶು (1579–1647) ಮುಂದೆ ಅಲ್ಲಿನ ಅಗ್ರಗಣ್ಯ ಚಹಾಗುರುವೂ ಉದ್ಯಾನಶಿಲ್ಪಿಯೂ ಆದನು. ಶಿಷ್ಯನನ್ನು ಕಂಡು ಗುರು ಬೆರಗಾದ ಕಥೆಯೆಂಬ ಕಾರಣಕ್ಕೆ ನನಗೆ ಇದರ ಮೇಲೆ ತುಸು ಹೆಚ್ಚು ಪ್ರೀತಿ. ಓದುಗರು ಇದನ್ನು ಐತಿಹ್ಯವೆಂದೇ ಇಟ್ಟುಕೊಳ್ಳಲಿ. ಏನೇ ಇರಲಿ, ಈ ವಾದ್ಯಕ್ಕೆ ಮೂಲ ಬಚ್ಚಲ ನೀರು. ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸುವ ಜಾಣತನ ನಮ್ಮ ಹಿರಿಯರಲ್ಲೂ ಇತ್ತು. ಅದರ ದಾರಿಯಲ್ಲೊಂದು ಗುಡಾಣ ಕವುಚಿಡಬೇಕೆಂದು ಮಾತ್ರ ಯಾರಿಗೂ ಹೊಳೆದಂತಿಲ್ಲ.

ಅವರಿಗೆ ಹೊಳೆದದ್ದಕ್ಕೆ ಹಿನ್ನೆಲೆಯಿದೆ. ಚಹಾಕೂಟದ ಪರಂಪರೆಯಲ್ಲಿ 'ಮಿತಾತೆ' ಎಂಬ ಮಾತೊಂದು ಬರುತ್ತದೆ. ಒಂದನ್ನು ಮತ್ತೊಂದಾಗಿ ಕಾಣುವುದು ಎಂದು ಅದರ ಅರ್ಥ. ಮೊದಲಿಗೆ ಅದು ಕಾವ್ಯದ ಪರಿಭಾಷೆ. ನಮ್ಮ ರೂಪಕಾಲಂಕಾರಕ್ಕೆ ಹತ್ತಿರವಾದದ್ದು. ಎನ್ಶುವಿಗಿಂತ ಎರಡು ತಲೆಮಾರು ಹಿಂದಿನ ಸೆನ್ ನೋ ರಿಕ್ಯು (1522–1591) ಬೆಸ್ತರು ಮೀನು ಹಾಕಿಕೊಳ್ಳುವ ಬುಟ್ಟಿಯನ್ನು ತಂದು ಹೂವಿನ ಪಾತ್ರೆಯಾಗಿ ಬಳಸಿದ್ದು ಪ್ರಸಿದ್ಧವಾಗಿದೆ. ತೋಟಗಳಲ್ಲಿ ಈ ಅಲಂಕಾರ ಕಲ್ಲಿನಲ್ಲೇ ಮೂಡಿತು. ಸವೆದ ಬೀಸುಕಲ್ಲು ನಡೆಗಲ್ಲಾಯಿತು. ಹಾಳಾದ ದೇಗುಲದ ಕಂಬದಡಿಯ ಕಲ್ಲು, ಬಿದ್ದುಹೋದ ಕಲ್ಲುದೀಪದ ಒಂದು ಭಾಗ, ಇವನ್ನು ತಂದು ನಡುವೆ ಕುಳಿ ತೋಡಿ ಕೈತೊಳೆಯುವ ತೊಟ್ಟಿ ಮಾಡಿದರು. ಇಂಥ ತೊಟ್ಟಿಗಳಿಗೆ ಅವರಲ್ಲಿ ಪ್ರತ್ಯೇಕ ವರ್ಗವೇ ಇದೆ. ಹಳೆಯ ಕಲ್ಲಿಗೆ ಹೊಸ ಕಲ್ಲಿಗಿಂತ ಬೆಲೆ ಹೆಚ್ಚು. ಕಲ್ಲನ್ನೇ ಹಾಗೆ ಕಂಡವರಿಗೆ ಗುಡಾಣವು ವೀಣೆಯಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿದೆ?

ನಮ್ಮ ದೇಶದಲ್ಲೂ ಈ ಕಣ್ಣುಳ್ಳವರಿದ್ದರು. ಚಂಡೀಗಢ ನಗರವನ್ನು ಕಟ್ಟಲು ಕೆಡವಿದ ಹಳ್ಳಿಗಳ ಅವಶೇಷಗಳಿಂದ, ಒಡೆದ ಬಳೆ, ಹೆಂಚು, ಪಿಂಗಾಣಿ ಚೂರುಗಳಿಂದ ನೇಕ್ ಚಂದ್ (1924–2015) ಎಂಬ ಲೋಕೋಪಯೋಗಿ ಇಲಾಖೆಯ ರಸ್ತೆ ಮೇಲ್ವಿಚಾರಕರು 1950ರ ದಶಕದ ಕೊನೆಯಿಂದ ಯಾರಿಗೂ ತಿಳಿಯದಂತೆ ಒಂದು ಲೋಕವನ್ನೇ ನಿರ್ಮಿಸುತ್ತ ಬಂದರು. ಅದು 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್. ಇನ್ನು ನೀರಿನ ನಾದಕ್ಕೆ ಬಂದರೆ ನಾವು ಜಪಾನೀಯರಿಗಿಂತ ಹಿರಿಯರು. ವಾತ್ಸ್ಯಾಯನನು ಪಟ್ಟಿಮಾಡಿದ ಅರವತ್ತನಾಲ್ಕು ಕಲೆಗಳಲ್ಲಿ 'ಉದಕವಾದ್ಯ'ವೂ ಒಂದು. ನೀರನ್ನು ಮದ್ದಳೆಯಂತೆ ಕೈಯಿಂದ ಬಡಿದು ನುಡಿಸುವುದು ಎಂದು ವ್ಯಾಖ್ಯಾನಕಾರರು ಅದನ್ನು ವಿವರಿಸುತ್ತಾರೆ. ಹದಿನೇಳನೆಯ ಶತಮಾನದ 'ಸಂಗೀತ ಪಾರಿಜಾತ'ದಲ್ಲಿ ಜಲತರಂಗದ ಉಲ್ಲೇಖವಿದೆ. ಪಿಂಗಾಣಿ ಬಟ್ಟಲುಗಳಿಗೆ ನೀರು ತುಂಬಿ ಕೋಲಿನಿಂದ ತಟ್ಟುವ ಆ ವಾದ್ಯವನ್ನು ಸೀತಾ ದೊರೈಸ್ವಾಮಿ (1926–2013) ಅವರಂಥ ವಿದುಷಿಯರು ನಮ್ಮ ಕಾಲದವರೆಗೂ ಕಚೇರಿಯಲ್ಲಿ ಉಳಿಸಿದರು. ಬಟ್ಟಲಿನಲ್ಲಿ ನೀರು ಹೆಚ್ಚಿದಂತೆ ಶ್ರುತಿ ಇಳಿಯುತ್ತದೆ. ಚಮಚೆಯಷ್ಟು ನೀರಿನಿಂದ ಸ್ವರ ಕೂಡಿಸುವ ಆ ತಾಳ್ಮೆ ಎಲ್ಲರಿಗೂ ಬರುವಂಥದಲ್ಲ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಉದಕವಾದ್ಯಕ್ಕೆ, ಜಲತರಂಗಕ್ಕೆ ವಾದಕ ಬೇಕು, ರಾಗ ಬೇಕು, ಸಭೆ ಬೇಕು. ಸುಯಿಕಿಂಕುತ್ಸುವಿಗೆ ಕೈ ತೊಳೆದು ಹೋದವನೇ ವಾದಕ. ಅವನು ತಿರುಗಿ ಹೊರಟ ಮೇಲೆ ಅದು ಹಾಡತೊಡಗುತ್ತದೆ.

ಹನಿ ಏಕೆ ಹಾಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ. ಇದರಲ್ಲಿ ನಮ್ಮವರ ಪಾಲೂ ಇದೆಯೆಂಬುದು ನನಗೆ ಹೆಮ್ಮೆ. ಸಿ. ವಿ. ರಾಮನ್ ಅವರು ಬೆಂಗಳೂರಿಗೆ ಬರುವುದಕ್ಕೆ ಬಹಳ ಮುಂಚೆ, ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ ಅಶುತೋಷ್ ಡೇ ಅವರೊಡನೆ ನೀರು ಚಿಮ್ಮುವ ಸದ್ದುಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ದರು. ಮೃದಂಗ, ತಬಲಾಗಳ ನಾದಕ್ಕೆ ಕಿವಿಗೊಟ್ಟ ಮಹನೀಯರು ನೀರಿನ 'ಗುಳುಕ್'ಗೂ ಕಿವಿಗೊಟ್ಟಿದ್ದರು. 1933ರಲ್ಲಿ ಹಾಲೆಂಡಿನ ಖಗೋಳಜ್ಞ ಮಾರ್ಸೆಲ್ ಮಿನ್ನಾರ್ಟ್, ನೀರೊಳಗಿನ ಗಾಳಿಯ ಗುಳ್ಳೆ ಹಿಗ್ಗಿ ಕುಗ್ಗಿ ಮಿಡಿಯುವುದರಿಂದ ಸ್ವರ ಹುಟ್ಟುವುದೆಂದು ಲೆಕ್ಕ ಹಾಕಿ ತೋರಿಸಿದನು. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,260 ಸಲ ಮಿಡಿಯುತ್ತದೆ. ಗುಳ್ಳೆ ಮೂರು ಪಟ್ಟು ಹಿರಿದಾದರೆ ಮಿಡಿತ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕೊನೆಗೆ 2018ರಲ್ಲಿ ಕೇಂಬ್ರಿಜಿನ ಅನುರಾಗ್ ಅಗರ್ವಾಲ್ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾ ಇಟ್ಟು ವಿಷಯವನ್ನು ಇತ್ಯರ್ಥ ಮಾಡಿದರು. ಬ್ರೆಜಿಲಿನಲ್ಲಿ ಗೆಳೆಯರ ಮನೆಯ ಸೋರುವ ಮಾಡಿನಡಿ ರಾತ್ರಿ ಕಳೆದಾಗ ಅಗರ್ವಾಲರಿಗೆ ಈ ಯೋಚನೆ ಬಂದಿತಂತೆ. ಹನಿ ನೀರಿಗೆ ಬಡಿಯುವ ಆ ಕ್ಷಣ ಬಹುಮಟ್ಟಿಗೆ ಮೌನವಾದದ್ದು. ಬಡಿದಾಗ ಆಗುವ ಕುಳಿಯ ಕೆಳಗೆ ಒಂದು ಪುಟ್ಟ ಗುಳ್ಳೆ ಸಿಕ್ಕಿಬೀಳುತ್ತದೆ. ಅದು ಮಿಡಿದು ನೀರಿನ ಮೈಯನ್ನೇ ಮಿಡಿಸುತ್ತದೆ. ನಾವು ಕೇಳುವುದು ಆ ಮಿಡಿತವನ್ನು. ನೀರಿಗೆ ಪಾತ್ರೆ ತೊಳೆಯುವ ಸೋಪು ಸೇರಿಸಿದರೆ ಸದ್ದು ನಿಂತುಹೋಗುತ್ತದೆಂದೂ ಅವರು ಕಂಡರು. ಈ ಸೋಪಿನ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಚರಿತ್ರೆಯ ದುಃಖದ ಭಾಗ. ಎಡೊ ಕಾಲದಲ್ಲಿ ಬೆಳೆದ ಈ ಕಲೆ ನಡುವೆ ಒಮ್ಮೆ ಕುಂದಿ, ಮತ್ತೆ ಚಿಗುರಿ, ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಹೇಳಹೆಸರಿಲ್ಲದಂತಾಯಿತು. 1959ರಲ್ಲಿ ತೋಕಿಯೋ ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಿರಾಯಾಮಾ ಕಾತ್ಸುಜೋ ಸುಯಿಕಿಂಕುತ್ಸುಗಳ ಸಮೀಕ್ಷೆ ನಡೆಸಿದಾಗ ಅವರಿಗೆ ಸಿಕ್ಕಿದ್ದು ಎರಡೇ ಎರಡು. ಎರಡೂ ಆರೈಕೆಯಿಲ್ಲದೆ ಮಣ್ಣು ತುಂಬಿ ಮೂಕವಾಗಿದ್ದವು. ಒಂದು ಪುಸ್ತಕದ ಕಡೆಯ ಪ್ರತಿಗೆ ಗೆದ್ದಲು ಹಿಡಿದಿರುವುದನ್ನು ಕಂಡವರಿಗೆ ಆ ಪ್ರಾಧ್ಯಾಪಕರ ಮನಸ್ಸು ತಿಳಿದೀತು. ಪುಸ್ತಕವಾದರೆ ಅಕ್ಷರಗಳಾದರೂ ಅಲ್ಲಲ್ಲಿ ಉಳಿದಿರುತ್ತವೆ. ಇದಕ್ಕೆ ಸ್ವರಲಿಪಿಯಿಲ್ಲ, ಘರಾಣೆಯಿಲ್ಲ, ನುಡಿಸಿ ತೋರಿಸಬಲ್ಲ ಮುದುಕನೊಬ್ಬನೂ ಇಲ್ಲ. ನೆಲದಡಿ ಹೂತಿಟ್ಟ ವಸ್ತುವಾದ್ದರಿಂದ, ಅದು ಮೂಕವಾದ ಮೇಲೆ ಅಲ್ಲೊಂದು ವಾದ್ಯವಿದೆಯೆಂದು ಮನೆಯವರಿಗೇ ಮರೆತುಹೋಗುತ್ತದೆ. ಮೇಲಿನ ಕಲ್ಲುಗಳ ಮೇಲೆ ಮಕ್ಕಳು ಆಡುತ್ತಲೇ ಇರುತ್ತಾರೆ.

ಇಪ್ಪತ್ತಮೂರು ವರ್ಷಗಳ ನಂತರ, 1982ರಲ್ಲಿ, 'ಅಸಾಹಿ' ದಿನಪತ್ರಿಕೆ ಈ ಬಗ್ಗೆ ಒಂದು ಲೇಖನ ಪ್ರಕಟಿಸಿ, ಎಲ್ಲಾದರೂ ಸುಯಿಕಿಂಕುತ್ಸು ಉಳಿದಿದ್ದರೆ ತಿಳಿಸಿರೆಂದು ಓದುಗರನ್ನು ಕೇಳಿಕೊಂಡಿತು. ಆ ಬಳಿಕ ಮರೆತುಹೋಗಿದ್ದ ಹಲವು ಗುಡಾಣಗಳು ಪತ್ತೆಯಾದವು. 1985ರಲ್ಲಿ ಅಲ್ಲಿನ ಎನ್‌ಎಚ್‌ಕೆ ದೂರದರ್ಶನ ಇದರ ಮೇಲೊಂದು ಕಾರ್ಯಕ್ರಮ ಬಿತ್ತರಿಸಿತು. ದೇಶವೆಲ್ಲ ಕಿವಿ ನಿಮಿರಿಸಿತು. ಹಳೆಯವನ್ನು ತೊಳೆದು ನುಡಿಸಿದರು, ಹೊಸವನ್ನು ಕಟ್ಟಿದರು. ಪತ್ರಿಕೆಗಳ ಬಗ್ಗೆ ನಾನು ಆಡುವ ಕಟುಮಾತುಗಳು ನಿಮಗೆಲ್ಲ ಗೊತ್ತೇ ಇವೆ. ಈ ಒಂದು ಸಂದರ್ಭದಲ್ಲಿ ಅವನ್ನು ಹಿಂದಕ್ಕೆ ಪಡೆಯುತ್ತೇನೆ. ಮಳೆನೀರಿನ ನಾದದ ಹುಚ್ಚು ಬೇರೆ ಕಡೆಯೂ ಕಾಣುತ್ತದೆ. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಅಲ್ಲೇ ವಾಸವಿದ್ದ ಕಲಾವಿದರು ಒಂದು ಮನೆಯ ನೀಲಿ ಗೋಡೆಯ ತುಂಬ ಮಳೆನೀರಿನ ಕೊಳವೆ, ಆಲಿಕೆಗಳನ್ನು ಕಹಳೆಗಳ ಹಾಗೆ ಜೋಡಿಸಿದ್ದಾರೆ. ಚಿತ್ರದಲ್ಲಿ ನೋಡಲು ಸೊಗಸು. ನನ್ನ ಒಲವು ಮಾತ್ರ ಕಣ್ಣಿಗೆ ಕಾಣದ ಗುಡಾಣದ ಕಡೆಗೇ.

ಇಷ್ಟು ಓದಿದ ಮೇಲೆ ಸುಮ್ಮನಿರುವುದಾಗಲಿಲ್ಲ. ಮಲೆನಾಡಿನಲ್ಲಿದ್ದು ಮಳೆನೀರಿಗೆ ಕೊರತೆಯೇ? ನಾವು ಚಿಕ್ಕವರಿದ್ದಾಗ ಅಡಿಕೆ ಮರವನ್ನು ಸೀಳಿ ತೋಡಿದ ದಂಬೆಯಲ್ಲಿ ಸೂರಿನ ನೀರು ಹರಿದು ಅಂಗಳದ ತಾಮ್ರದ ಹಂಡೆಗೆ ಬೀಳುತ್ತಿತ್ತು. ಹಂಡೆ ಖಾಲಿಯಿದ್ದಾಗ ಢಣಢಣ. ತುಂಬುತ್ತ ಬಂದಂತೆ ಗೊಳಗೊಳ. ತುಂಬಿದ ಮೇಲೆ ಸದ್ದಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಹಂಡೆ ಎಷ್ಟು ತುಂಬಿತೆಂದು ಅಮ್ಮ ಹೇಳಿಬಿಡುತ್ತಿದ್ದಳು. ಮನೆಗೆ ಸೋಲಾರ್ ನೀರು ಬಂದ ವರ್ಷ ಆ ಹಂಡೆ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಅಂಥದನ್ನು ಹುಡುಕುತ್ತ ಸಾಗರದ ಗುಜರಿ ಅಂಗಡಿಗಳಲ್ಲಿ ಅಲೆದೆ. ತಾಮ್ರದ ಬೆಲೆ ಕೇಳಿ ಕೈಬಿಟ್ಟು, ಅಂಚು ಸೀಳಿದ ಒಂದು ದೊಡ್ಡ ಪಿಂಗಾಣಿ ಭರಣಿಯನ್ನು ತಂದೆ. ಯಾವ ಮನೆಯ ಎಷ್ಟು ವರ್ಷಗಳ ಮಿಡಿ ಉಪ್ಪಿನಕಾಯಿ ಕಂಡದ್ದೋ, ಮೂರು ಸಲ ತೊಳೆದರೂ ಇಂಗಿನ ವಾಸನೆ ಹೋಗಿರಲಿಲ್ಲ. ಟೈಲ್ಸ್ ಕೆಲಸದ ಹುಡುಗ ತಳಕ್ಕೆ ತೂತು ಕೊರೆಯುವಾಗ, 'ಮೇಷ್ಟ್ರೇ, ಒಳ್ಳೆ ಜಾಡಿ ಹಾಳು ಮಾಡ್ತಿದ್ದೀರಿ, ಆಮೇಲೆ ನನ್ನ ಬೈಬೇಡಿ' ಎಂದು ಎರಡು ಬಾರಿ ಹೇಳಿದ. ಕೊಟ್ಟಿಗೆಯ ಮಾಡಿನ ನೀರು ಇಳಿಯುವಲ್ಲಿ ಗುಂಡಿ ತೋಡಿಸಿ, ತಳಕ್ಕೆ ಸಿಮೆಂಟು ಬಳಿಸಿ, ಭರಣಿಯನ್ನು ಮೂರು ಕಲ್ಲುಗಳ ಮೇಲೆ ಕವುಚಿ, ಸುತ್ತ ಜಲ್ಲಿ ತುಂಬಿಸಿದೆ. ಮೇಲೆ ಹೊಳೆಯ ನುಣುಪುಗಲ್ಲು ಹರಡಿದ್ದಾಯಿತು. ಎನ್ಕೋಜಿಯಂತೆ ಒಂದು ವಾಟೆ ಬಿದಿರಿನ ಕೊಳವೆಯನ್ನೂ ನೆಟ್ಟೆ.

ಮಳೆ ಭೋರೆಂದು ಹೊಯ್ಯುವಾಗ ಅದರಲ್ಲಿ ನಾದವಿಲ್ಲ. ನೀರು ಧಾರೆಯಾಗಿ ಇಳಿಯುತ್ತದೆ, ಅಷ್ಟೇ. ಮಳೆ ನಿಂತು, ಹೆಂಚಿನ ನೀರು ತೊಟ್ಟಿಕ್ಕಲು ತೊಡಗಿದಾಗ ಒಂದೊಂದೇ ಸ್ವರ ಏಳುತ್ತದೆ. ಕೆಲವು ಹನಿ ಭರಣಿಯ ಒಳಮೈಯಲ್ಲಿ ಜಾರಿ ಸದ್ದಿಲ್ಲದೆ ಇಳಿದರೆ, ಕೆಲವು ನಡುವಿಗೇ ಬಿದ್ದು ಮಿಡಿಯುತ್ತವೆ. ಬಿದಿರಿಗೆ ಕಿವಿಯಿಟ್ಟರೆ ನನಗೂ ಕೇಳುತ್ತದೆ. ಫೋನಿನಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿ. ಎಲ್ಲವೂ ಕೇಳುವುದಿಲ್ಲ. ಮೊಮ್ಮಗಳು ಇನ್ನೊಂದು ಕೈಯ ಬೆರಳೆತ್ತಿ ಲೆಕ್ಕ ತೋರಿಸುತ್ತಾಳೆ: ನನ್ನ ನಾಲ್ಕಕ್ಕೆ ಅವಳದು ಏಳು. ಆ ಮೂರು ಗುಳ್ಳೆಗಳು ಬಹುಶಃ ಮಿನ್ನಾರ್ಟನ ಒಂದು ಮಿಲಿಮೀಟರಿನವು.

ರಜೆಯಲ್ಲಿ ಬಂದವಳು ಒಂದು ದಿನ ಕಲ್ಲುಗಳ ಮೇಲೆಯೇ ಸೋಪು ಹಚ್ಚಿ ಕೈ ತೊಳೆದಳು. ಭರಣಿ ಮೂಕವಾಯಿತು. ಹುಡುಗಿ ಅಳುವುದೊಂದೇ ಬಾಕಿ. ಕೇಂಬ್ರಿಜಿನವರ ಪ್ರಯೋಗವನ್ನು ಅವಳಿಗೆ ವಿವರಿಸಿ ಸಮಾಧಾನ ಮಾಡಿದೆ. ಎರಡು ಒಳ್ಳೆಯ ಮಳೆಗಳು ಬಂದು ತೊಳೆದ ಮೇಲೆ ಸ್ವರ ಮರಳಿತು. ಕೈತೊಳೆಯುವ ನೀರಿಗಾಗಿ ಹುಟ್ಟಿದ ವಾದ್ಯಕ್ಕೆ ಈ ಕಾಲದಲ್ಲಿ ಮಳೆನೀರೇ ಸರಿಯೆಂದು ನಾನು ಹೇಳುವುದು ಇದಕ್ಕಾಗಿ. ಲಾರ್ವಾ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಬಿದಿರಿನ ಕೊಳವೆಯನ್ನು ಅನುಮಾನದಿಂದ ನೋಡಿ, ಒಳಗೆ ನೀರು ನಿಂತಿದೆಯೇ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅಂದಿನಿಂದ ಕಲ್ಲುಗಳ ಕೆಳಗೆ, ಕೊಳವೆಯ ಬಾಯಿಗೆ, ನೀರು ಹೊರಹೋಗುವ ದಾರಿಗೆ ಸೊಳ್ಳೆಪರದೆಯ ತುಂಡು ಹಾಕಿದ್ದೇನೆ. ಮಳೆಗಾಲ ಮುಗಿಯುತ್ತಲೇ ಭರಣಿಯನ್ನು ಎತ್ತಿ ಗುಂಡಿಯನ್ನು ಒಣಗಿಸುತ್ತೇನೆ. ಎತ್ತಿದಾಗ ತಳದಲ್ಲಿ ಒಂದು ಬೆರಳು ದಪ್ಪ ಕೆಸರು ಕುಳಿತಿತ್ತು. ಒಂದೇ ಮಳೆಗಾಲಕ್ಕೆ ಅಷ್ಟು. ಹಿರಾಯಾಮಾ ಕಂಡ ಆ ಎರಡು ಗುಡಾಣಗಳನ್ನು ಎಷ್ಟು ಮಳೆಗಾಲ ಯಾರೂ ಎತ್ತಿರಲಿಲ್ಲವೋ!

ಬೆಂಗಳೂರಿನಲ್ಲಿ ಎಂಟನೆಯ ಮಹಡಿಯಲ್ಲಿರುವ ತಂಗಿಯ ಮಗ, 'ಮಾವ, ನಮಗೆ ಅಂಗಳವೂ ಇಲ್ಲ, ಸೂರೂ ಇಲ್ಲ, ಏನು ಮಾಡಲಿ?' ಎಂದು ಕೇಳಿದ್ದಾನೆ. ಬಾಲ್ಕನಿಯಲ್ಲಿ ಎ.ಸಿ. ಯಂತ್ರದಿಂದ ಹಗಲಿಡೀ ತೊಟ್ಟಿಕ್ಕುವ ನೀರಿದೆಯಲ್ಲ, ಅದರಲ್ಲಿ ಸೋಪಿಲ್ಲ. ದೊಡ್ಡ ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರು ನಿಲ್ಲಿಸಿ, ಕಲ್ಲುಗಳ ಮೇಲೆ ಭರಣಿ ಕವುಚಿ ನೋಡು, ನೀರನ್ನು ಮಾತ್ರ ವಾರಕ್ಕೊಮ್ಮೆ ಬದಲಿಸು ಎಂದು ಬರೆದಿದ್ದೇನೆ. ಅವನ ಮನೆಯಲ್ಲಿರುವುದು ನಮ್ಮ ಅಮ್ಮನ ಕಾಲದ ಭರಣಿ. ತೂತು ಕೊರೆಸುವ ಮುನ್ನ ಹೆಂಡತಿಯನ್ನು ಕೇಳು ಎಂದೂ ಸೇರಿಸಿದ್ದೇನೆ.